ಗಾಡಿ ಪೂರಾ

ರೈಲು ಬಂತೆಂದರೆ ಜನ ಎಂಜಿನ್ ನೋಡುತ್ತಾರೆ. ಮಕ್ಕಳು ಕೈ ಬೀಸುವುದು ಎಂಜಿನ್ನಿಗೆ, ಫೋಟೊ ಹೊಡೆಯುವವರು ಮುಗಿಬೀಳುವುದೂ ಎಂಜಿನ್ನಿಗೇ. ಯಾದಗಿರಿಯ ಮಕ್ತುಮಸಾಬ ಮಾತ್ರ ಜೀವಮಾನವೆಲ್ಲ ರೈಲಿನ ಬಾಲ ನೋಡಿಕೊಂಡು ಬಂದವನು. ಸರಕಾರ ಅವನನ್ನು ಕೆಲಸಕ್ಕೆ ಇಟ್ಟುಕೊಂಡದ್ದೇ ಅದಕ್ಕೆ.

ಅವನು ಸ್ಟೇಷನ್ನಿನಲ್ಲಿ ಪಾಯಿಂಟ್ಸಮನ್ ಆಗಿದ್ದ. ಹಳಿ ಕೂಡಿಸುವುದು, ಡಬ್ಬಿಗಳಿಗೆ ಕೊಂಡಿ ಹಾಕುವುದು, ಝಂಡಾ ತೋರಿಸುವುದು, ಹೀಗೆ ಹತ್ತು ಕೆಲಸ. ಅವನು ಎದೆಯುಬ್ಬಿಸಿ ಹೇಳಿಕೊಳ್ಳುತ್ತಿದ್ದದ್ದು ಮಾತ್ರ ಒಂದನ್ನೇ. ಗಾಡಿ ದಾಟಿ ಹೋಗುವಾಗ ಕಟ್ಟಕಡೆಯ ಡಬ್ಬಿಯ ಬೆನ್ನಿಗೆ ಕೆಂಪು ದೀಪ ಇದೆಯೋ ಇಲ್ಲವೋ ನೋಡಬೇಕು. ದೀಪ ಇದ್ದರೆ ಗಾಡಿ ಇಡಿಯಾಗಿ ಬಂದಿದೆ. ಇಲ್ಲವೆಂದರೆ ಎಲ್ಲೋ ಹಿಂದೆ ಕೊಂಡಿ ಕಳಚಿ ನಾಲ್ಕು ಡಬ್ಬಿ ಹಳಿಯ ಮೇಲೆಯೇ ನಿಂತಿರಬಹುದು, ಹಿಂದಿನಿಂದ ಬರುವ ಗಾಡಿ ಹೋಗಿ ಅವಕ್ಕೆ ಗುದ್ದಬಹುದು. ಹಾಗಾಗಿ ಬಾಲದ ದೀಪ ಕಂಡ ಮೇಲೆಯೇ ಸ್ಟೇಷನ್ ಮಾಸ್ತರರು ಮುಂದಿನ ಗಾಡಿಗೆ ಲೈನ್ ಕ್ಲಿಯರ್, ಅಂದರೆ ಹಾದಿ ಖಾಲಿ ಇದೆ ಎಂಬ ಒಪ್ಪಿಗೆ, ಕೊಡಬೇಕು. ಮಕ್ತುಮಸಾಬ ದೀಪ ನೋಡುತ್ತಿದ್ದ, ಮಾಸ್ತರರ ಕೋಣೆಯ ಕಡೆ ತಿರುಗಿ “ಗಾಡಿ ಪೂರಾ!” ಎಂದು ಕೂಗುತ್ತಿದ್ದ. ಮಳೆ ಜಡಿದು ಏನೂ ಕಾಣದಿದ್ದಾಗ ಹಳಿಯ ಗುಂಟ ಓಡಿಹೋಗಿ, ಕಣ್ಣಾರೆ ನೋಡಿ, ತೊಯ್ದು ತೊಪ್ಪೆಯಾಗಿ ಬಂದು ಕೂಗಿದ್ದೂ ಉಂಟು. ಕಾಣದ ದೀಪಕ್ಕೆ ಅವನು ಒಮ್ಮೆಯೂ ಪೂರಾ ಎನ್ನಲಿಲ್ಲ. ನೌಕರಿಯಲ್ಲಿ ಅವನು ಗಳಿಸಿದ್ದು ಇದೊಂದು ಹೆಮ್ಮೆ.

ಮನೆತನ ಪಿಂಜಾರರದು, ಮನೆಯ ಮಾತು ಕನ್ನಡ. ಅಪ್ಪ ಅರಳೆ ಹಿಂಜಿ ಗಾದಿ ಹೊಲಿಯುತ್ತಿದ್ದ. ಮೊಹರಮ್ ಬಂತೆಂದರೆ ಓಣಿಯ ತಾಬೂತು ಕಟ್ಟುವವನೂ ಅವನೇ. ಬಿದಿರ ಸೀಳು, ಬಣ್ಣದ ಕಾಗದ, ಹುಣಸೆ ಬೀಜದ ಅಂಟು, ಇಷ್ಟರಲ್ಲೇ ಗುಮ್ಮಟ ಮಿನಾರುಗಳು ಎದ್ದು ನಿಲ್ಲುತ್ತಿದ್ದವು. ಅಳತೆಯೆಲ್ಲ ಒಂದು ದಾರದಲ್ಲಿತ್ತು: ಕಂಬಕ್ಕೊಂದು ಗಂಟು, ಕಮಾನಿಗೊಂದು ಗಂಟು, ಗುಮ್ಮಟಕ್ಕೊಂದು. ಅಪ್ಪನ ಅಪ್ಪನಿಂದ ಬಂದ ದಾರ. ಹಬ್ಬದ ಹತ್ತನೆಯ ದಿನ ಆ ತಾಬೂತನ್ನು, ಕೋಲಿನ ಮೇಲೆ ಕೂಡಿಸಿದ ಪಂಜಾಗಳಾದ ಪೀರಗಳ ಜೊತೆ ಭೀಮಾ ಹೊಳೆಗೆ ಒಯ್ದು ನೀರಿಗೆ ಬಿಡುವುದು ಪದ್ಧತಿ. ಸಣ್ಣವನಿದ್ದಾಗ ಮಕ್ತುಮ ದಂಡೆಯಲ್ಲಿ ನಿಂತು ಬಿಕ್ಕಿ ಬಿಕ್ಕಿ ಅಳುತ್ತಿದ್ದನಂತೆ. ಇಷ್ಟು ಚೆಂದದ್ದನ್ನು ನೀರಿಗೆ ಹಾಕಿದರಲ್ಲ ಎಂದು ಅವನ ಸಂಕಟ. ದೊಡ್ಡವನಾದ ಮೇಲೆ ಅಳು ನಿಂತಿತು, ಸಂಕಟ ನಿಲ್ಲಲಿಲ್ಲ. ನೀರಿಗೆ ಹೋಗದ ಒಂದು ವಸ್ತು ತನ್ನ ಕೈಯಿಂದ ಆಗಬೇಕು ಎಂಬ ಹಟ ಅವನಲ್ಲಿ ಆಗಲೇ ಕೂತಿರಬೇಕು.

ಅವನು ಕೆಲಸಕ್ಕೆ ಸೇರಿದಾಗ ಕಟ್ಟಿಗೆಯ ಡಬ್ಬಿಗಳ ಕಾಲ ಮುಗಿಯುತ್ತ ಬಂದಿತ್ತು. ಕಲ್ಲಿದ್ದಲ ಎಂಜಿನ್ ಎಳೆಯುತ್ತಿದ್ದ, ತೇಗದ ಹಲಗೆಯ, ಇಟ್ಟಂಗಿ ಬಣ್ಣದ ಮೂರನೇ ದರ್ಜೆಯ ಡಬ್ಬಿಗಳು. ಅವು ಒಂದೊಂದಾಗಿ ಕಾಣೆಯಾದವು. ಕೊನೆಯ ಒಂದೆರಡನ್ನು ಗಾಲಿ ಕಿತ್ತು, ಕೂಲಿಯಾಳುಗಳ ವಿಶ್ರಾಂತಿಗೆಂದು ಹಳಿಯ ಪಕ್ಕ ಇಟ್ಟಿದ್ದರು. ಅವನ್ನೂ ಒಡೆಯುತ್ತಾರೆಂಬ ಸುದ್ದಿ ಬಂದಾಗ ಮಕ್ತುಮಸಾಬ ಹೊಸದೊಂದು ದಾರ ಹಿಡಿದುಕೊಂಡು ಒಳಹೊಕ್ಕ. ಬಾಗಿಲ ಅಗಲ, ಬೆಂಚಿನ ಎತ್ತರ, ಕಿಟಕಿಯಿಂದ ಕಿಟಕಿಗೆ ಇರುವ ಅಂತರ, ಎಲ್ಲವೂ ಗಂಟಾಗಿ ದಾರಕ್ಕೆ ಬಂದವು. ಒಡೆದ ಮೇಲೆ ಊರ ಜನ ಹಲಗೆಗಳನ್ನು ಒಲೆಗೆ ಒಯ್ದರು. ಮಕ್ತುಮಸಾಬನ ತಾಯಿ ಎರಡು ಕಿಟಕಿಯ ಶಟರ್ ತಂದು ಜೋಳದ ಕಣಜಕ್ಕೆ ಮುಚ್ಚಳ ಮಾಡಿಕೊಂಡಳು. ಅವು ಹಾಗೇ ಬಹಳ ವರ್ಷ ಕಣಜದ ಮೇಲೆ ಕಾದು ಕೂತವು.

ರಿಟೈರ್ ಆದ ಮರುತಿಂಗಳು ಅವನು ಶಟರ್ ಇಳಿಸಿ ಸೀಳಲು ಶುರುಮಾಡಿದ. ಆ ಹಳೆಯ ಗಾಡಿಯದೇ ಪುಟ್ಟ ಮಾದರಿ, ಅಡಿಗೆ ಕಾಲಿಂಚಿನ ಲೆಕ್ಕ. ಬಿದಿರಿನ ಅಸ್ಥಿಪಂಜರ, ಮೇಲೆ ಕಾಗದದಷ್ಟು ತೆಳ್ಳಗೆ ಸೀಳಿದ ತೇಗ. ಗಾಲಿಗಳನ್ನು ಮಣ್ಣಿನ ಅಚ್ಚಿನಲ್ಲಿ ತವರ ಎರೆದು ಮಾಡಿದ. ಕಿಟಕಿಯ ಶಟರುಗಳು ಬರೀ ತೋರಿಕೆಯವಲ್ಲ, ಉಗುರಿನಿಂದ ಎತ್ತಿದರೆ ಏಳುತ್ತಿದ್ದವು, ಬಿಟ್ಟರೆ ಬೀಳುತ್ತಿದ್ದವು. ಒಳಗೆ ಪಟ್ಟಿ ಪಟ್ಟಿಯ ಬೆಂಚು, ಮೇಲೆ ಗಂಟುಮೂಟೆ ಇಡುವ ಹಲಗೆ. ಯಾರೂ ಬಗ್ಗಿ ನೋಡದ ಹೊಟ್ಟೆಯಡಿಯ ಸಲಾಕೆಗಳನ್ನೂ ಬಿಡಲಿಲ್ಲ. ಮೊದಲ ಡಬ್ಬಿಯನ್ನು ಎರಡು ಸಲ ಮಾಡಿ ಎರಡು ಸಲವೂ ಒಲೆಗೆ ಹಾಕಿದ. ಬಾಗಿಲು ಒಂದು ಎಳೆ ವಾರೆಯಾಗಿತ್ತಂತೆ. ವಾರೆ ಅವನಿಗೆ ಬಿಟ್ಟು ಇನ್ಯಾರಿಗೂ ಕಂಡಿರಲಿಲ್ಲ.

“ಎಂಜಿನ್ ಎಲ್ಲದಲೇ ಸಾಬ?” ಎಂದು ಮಹಾದೇವಪ್ಪ ಕೇಳಿದ. ಮಹಾದೇವಪ್ಪ ರೈಲ್ವೆ ಗೇಟಿನಲ್ಲಿ ಇದ್ದು ರಿಟೈರ್ ಆದವನು, ಮಕ್ತುಮಸಾಬನ ಗೆಳೆಯ. ಓಣಿಯ ಪೀರ ಹೊರುವ ಮನೆತನವೂ ಅವನದೇ. ಕೊರಳಲ್ಲಿ ಲಿಂಗ ಇದ್ದವನು ಪೀರ ಹೊರುವುದು ಹೇಗೆ ಎಂದು ಈ ಸೀಮೆಯಲ್ಲಿ ಯಾರೂ ಕೇಳುವುದಿಲ್ಲ. ಹಬ್ಬದ ದಿನಗಳಲ್ಲಿ ಅವನ ಮಾತೇ ಮಾತು.

“ಎಂಜಿನ್ ಎಲ್ಲಾರೂ ಮಾಡ್ತಾರ. ಮಂದಿ ಕುಂತು ಹೋಗಿದ್ದು ಡಬ್ಬ್ಯಾಗ,” ಎಂದ ಮಕ್ತುಮಸಾಬ.

“ಹಂಗಾದ್ರ ಎಳಿಯೋರು ಯಾರು?”

“ಎಳಿಯೂದು ಎದಕ? ಇದು ಇಲ್ಲೇ ಇರೋ ಗಾಡಿ.”

ಹೆಂಡತಿ ಮದೀನಾಬೀಗೆ ಈ ಗಾಡಿ ಸೇರುತ್ತಿರಲಿಲ್ಲ. ಸುರಪುರದಿಂದ ಈ ಮನೆಗೆ ಬಂದ ಮೇಲೆ ಗಂಡನ ಡ್ಯೂಟಿಯನ್ನು ಸಹಿಸಿದವಳು, ರಿಟೈರ್ ಆದ ಮೇಲಾದರೂ ಕೂತು ನಾಲ್ಕು ಮಾತಾಡುತ್ತಾನೆ ಎಂದುಕೊಂಡಿದ್ದಳು. ಅವನು ಮುಂಜಾನೆ ಎದ್ದು ಪಡಸಾಲೆಯ ಮೂಲೆ ಹಿಡಿದರೆ ರೊಟ್ಟಿ ಆರಿದರೂ ಏಳುತ್ತಿರಲಿಲ್ಲ. “ನನ್ನ ಸವತಿ ಏಳಗೊಡ್ಲಿಲ್ಲೇನು?” ಎಂದು ಅವಳು ಒಳಗಿನಿಂದ ಕೂಗುತ್ತಿದ್ದಳು. ಮಗಳು ಉಮೆಸಲ್ಮಾ ಶಹಾಪುರದ ಗಂಡನ ಮನೆಯಿಂದ ಬಂದಾಗಲೂ ಅದೇ ಮಾತು: “ನಿಮ್ಮ ಅಬ್ಬಾನ ಎರಡನೇ ಹೇಂತಿ ಅಗೋ ಅಲ್ಲಿ ಕುಂತಾಳ ನೋಡು, ಮೈತುಂಬ ಕಿಟಕಿ.” ನಗುತ್ತಲೇ ಹೇಳುತ್ತಿದ್ದಳು. ನಗುವಿನ ಅಡಿಯಲ್ಲಿ ಏನಿತ್ತೋ ಅವನು ವಿಚಾರಿಸಲಿಲ್ಲ. ಗಂಡಸರು ಇಂಥದ್ದನ್ನು ವಿಚಾರಿಸುವುದು ಕಡಿಮೆ.

ಏಳು ಡಬ್ಬಿ ಮುಗಿದವು. ಉಳಿದದ್ದು ಎಂಟನೆಯದು, ಕೊನೆಯ ಗಾರ್ಡಿನ ಡಬ್ಬಿ, ಬಾಲದ ದೀಪ ಇರುವ ಡಬ್ಬಿ. ಅದನ್ನು ಅವನು ಆಸೆಪಟ್ಟು ಕೊನೆಗೇ ಉಳಿಸಿಕೊಂಡಿದ್ದ. ತಳದ ಹಲಗೆ ಕೂಡಿಸಿದ ಮರುದಿನ ಮುಂಜಾನೆ ಚಹಾದ ಬಟ್ಟಲು ಕೈಯಿಂದ ಜಾರಿತು. ಎತ್ತಿಕೊಳ್ಳಲು ಹೋದವನು ತಾನೂ ಬಿದ್ದ. ಲಕ್ವಾ ಹೊಡೆದಿತ್ತು.

ಗುಲ್ಬರ್ಗಾದ ಆಸ್ಪತ್ರೆಯಲ್ಲಿ ಮಲಗಿದ್ದಾಗ ಬದುಕುತ್ತಾನೆ ಎಂದು ಯಾರೂ ಗಟ್ಟಿಯಾಗಿ ಹೇಳಲಿಲ್ಲ. ಆಮೇಲೆ ಮಾತು ಬಂತು. ಕೋಲು ಹಿಡಿದರೆ ನಡಿಗೆಯೂ ಬಂತು. ಬಲಗೈ ಮಾತ್ರ ಬರಲಿಲ್ಲ. ಹೆಗಲಿನಿಂದ ಜೋತುಬಿದ್ದ ಆ ಕೈಯನ್ನು ಅವನು ಮಲಗುವಾಗ ಎಡಗೈಯಿಂದ ಎತ್ತಿ ಪಕ್ಕಕ್ಕೆ ಇಟ್ಟುಕೊಳ್ಳಬೇಕಾಗುತ್ತಿತ್ತು.

ಮೊಹರಮ್ ಹತ್ತಿರ ಬಂದಾಗ ಮದೀನಾಬೀ ಬಾಯಿ ಬಿಟ್ಟಳು.

“ನಾ ಪೀರಕ್ಕ ಬೇಡಿಕೊಂಡೀನ್ರಿ. ನೀವು ಎದ್ದು ನಡದ್ರ ಗಾಡಿ ಹೊಳಿಗೆ ಕೊಡ್ತೀನಂತ.”

“ಯಾವ ಗಾಡಿ?”

“ನಮ್ಮ ಮನ್ಯಾಗ ಎಷ್ಟು ಗಾಡಿ ಅದಾವ್ರಿ?”

ಅವನ ಮುಖ ನೋಡಿ ಅವಳು ಕೆಳಗೆ ಕೂತಳು. “ಮತ್ತೇನು ಕೊಡ್ಲ್ರಿ ನಾನು? ನನ್ನವು ಅಂತ ಎರಡು ಬಳಿ. ಬಳಿ ಕೊಟ್ಟು ಗಂಡನ್ನ ಕೇಳಾಕ ಬರ್ತದೇನು? ನಿಮ್ಮ ಜೀವಕ್ಕ ಸರಿ ತೂಗೂವಂಥದ್ದು ಅದೊಂದೇ ಇತ್ತು.”

ಮಕ್ತುಮಸಾಬ ಶುಕ್ರವಾರದ ನಮಾಜು ತಪ್ಪಿಸದವನಾದರೂ ಹರಕೆ ಬೇಡಿಕೆಗಳನ್ನು ನಂಬುತ್ತಿರಲಿಲ್ಲ. ಅಪ್ಪನ ತಾಬೂತುಗಳು ನೀರಿನಲ್ಲಿ ಕರಗಿದ್ದನ್ನು ಕಂಡವನು. ಅಲ್ಲಿಂದ ಯಾವ ವರವೂ ಎದ್ದು ಬಂದದ್ದನ್ನು ಕಂಡಿರಲಿಲ್ಲ. ಸಿಟ್ಟು ನೆತ್ತಿಗೇರಿತು. ಆಡಬಾರದ ಮಾತು ಆಡಿಬಿಟ್ಟ: “ನನ್ನ ಉಳಸ್ಕೊಳ್ಳಾಕ ಬೇಡಿಕೊಂಡಿದ್ದಲ್ಲ ಇದು. ಸವತಿನ್ನ ಕಳಸಾಕ ಬೇಡಿಕೊಂಡಿದ್ದು.”

ಅವಳು ಅವನ ಮುಂದಿನ ತಾಟು ಎತ್ತಿಕೊಂಡು ಒಳಗೆ ಹೋದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರಲ್ಲ, ಹಾಗಾಯಿತು.

ಪಂಚಾಯಿತಿ ಮಹಾದೇವಪ್ಪನ ಮುಂದೆ ಬಂತು. ಅವನು ಮೂಲೆಯಲ್ಲಿದ್ದ ಗಾಡಿಯನ್ನೂ ಗೆಳೆಯನ ಸತ್ತ ಕೈಯನ್ನೂ ನೋಡಿದ. ಬರೀ ತಳ ಇದ್ದ ಕೊನೆಯ ಡಬ್ಬಿಯನ್ನು ಎತ್ತಿ ಹಿಡಿದು ಕೇಳಿದ: “ಇದು ಮುಗಿದಿಲ್ಲಲ್ಲ?”

“ಮುಗಿದಿಲ್ಲ. ಬಾಲದ ದೀಪ ಇಲ್ಲದ್ದು ಗಾಡಿನೇ ಅಲ್ಲ. ಅದು ನಿನಗೂ ಗೊತ್ತದ.”

“ಹಂಗಾದ್ರ ನಡೆಯಂಗಿಲ್ಲ ಬೇ ತಂಗಿ,” ಎಂದ ಮಹಾದೇವಪ್ಪ ಮದೀನಾಬೀ ಕಡೆ ತಿರುಗಿ. “ಮುಕ್ಕಾದ್ದು ಪೀರಕ್ಕ ಸಲ್ಲಂಗಿಲ್ಲ. ಒಡಕು ಗಡಿಗ್ಯಾಗ ಶರಬತ್ತು ಕೊಡ್ತೀವೇನು? ಪೂರಾ ಆಗಲಿ, ಆಮ್ಯಾಲ ಕೊಡು.”

ದೇವರು ವರ ಕೊಟ್ಟರೂ ಪೂಜಾರಿ ಕೊಡುವುದಿಲ್ಲ ಎಂಬುದು ಗಾದೆ. ಇಲ್ಲಿ ಪೂಜಾರಿ ತಾನಾಗಿಯೇ ವಾಯಿದೆ ಕೊಟ್ಟುಬಿಟ್ಟ. ಮಕ್ತುಮಸಾಬನಿಗೆ ಜೀವ ಬಂದಂತಾಯಿತು. ಬಲಗೈ ಇಲ್ಲದೆ ಡಬ್ಬಿ ಮುಗಿಯುವಂತಿಲ್ಲ, ಡಬ್ಬಿ ಮುಗಿಯದೆ ಗಾಡಿ ಹೋಗುವಂತಿಲ್ಲ. ಸತ್ತ ಕೈಯಿಂದ ಅವನಿಗಾದ ಉಪಕಾರ ಇದೊಂದೇ.

ಒಂದು ಹಬ್ಬ ಹೋಯಿತು, ಇನ್ನೊಂದು ಹೋಯಿತು. “ಹಾಥಿ ನಿಕಲ್ ಗಯಾ, ದುಮ್ ರಹ್ ಗಯಿ,” ಎಂದು ಮಹಾದೇವಪ್ಪ ಪ್ರತಿ ಸಲ ನಗೆಯಾಡಿ ಹೋಗುತ್ತಿದ್ದ. ಆನೆಯೆಲ್ಲ ದಾಟಿತು, ಬಾಲ ಉಳಿಯಿತು. ನಿಜ ಹೇಳಬೇಕೆಂದರೆ ಮಕ್ತುಮಸಾಬನ ಎಡಗೈ ಅಷ್ಟರಲ್ಲಿ ಒಂದಿಷ್ಟು ಪಳಗಿತ್ತು. ಗಾಡಿಯ ಧೂಳು ಒರೆಸುವುದು, ಎದ್ದ ಪಟ್ಟಿಗೆ ಅಂಟು ಸವರುವುದು ನಡೆದಿತ್ತು. ಮನಸ್ಸು ಮಾಡಿದ್ದರೆ ಕೊನೆಯ ಡಬ್ಬಿಯನ್ನೂ ಹೇಗೋ ಎಬ್ಬಿಸಬಹುದಿತ್ತು. ಅವನು ಮನಸ್ಸು ಮಾಡಲಿಲ್ಲ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಎಂದು ಹೊರಗಿನವರು ಆಡಿಕೊಂಡರೆ ಆಡಿಕೊಳ್ಳಲಿ ಎಂದು ಸುಮ್ಮನಿದ್ದ.

ಆಮೇಲೆ ಮದೀನಾಬೀಯ ಕಾಲು ಬಾತವು. ಮೊದಲು ಸಂಜೆ ಮಾತ್ರ, ಆಮೇಲೆ ಇಡೀ ದಿನ. ಮುಖವೂ ಉಬ್ಬಿತು. ಗುಲ್ಬರ್ಗಾದ ಡಾಕ್ಟರು ಎರಡೂ ಕಿಡ್ನಿ ಹೋಗಿವೆ ಎಂದರು. ಕೆಲವು ತಿಂಗಳು ಅವಳ ರಕ್ತವನ್ನು ಯಂತ್ರಕ್ಕೆ ಹಾಯಿಸಿ ತೊಳೆದರು. ಸೂಜಿ ಚುಚ್ಚಲು ಕೈಯಲ್ಲಿ ನರ ಸಿಗದಂತಾಯಿತು, ಹೃದಯವೂ ಸೋತಿತು. ಕೊನೆಗೆ ಡಾಕ್ಟರು ಉಮೆಸಲ್ಮಾಳನ್ನು ಹೊರಗೆ ಕರೆದು, ಮನೆಗೆ ಕರೆದುಕೊಂಡು ಹೋಗಿ, ಬೇಕಾದ್ದು ಉಣ್ಣಲಿ ಎಂದರು. ಆ ಮಾತಿನ ಅರ್ಥ ಯಾರಿಗೆ ತಿಳಿಯುವುದಿಲ್ಲ?

ಅಡುಗೆ ಮನೆಯ ಹೊಸ್ತಿಲಲ್ಲಿ ನಿಂತು ಉಮೆಸಲ್ಮಾ ಅಪ್ಪನಿಗೆ ಹೇಳಿದಳು. “ಅಬ್ಬಾ, ಅಮ್ಮ ಸಾಯಾಕ ಅಂಜಿಲ್ಲ. ಪೀರಕ್ಕ ಕೊಟ್ಟ ಮಾತು ತಲಿ ಮ್ಯಾಲ ಇಟ್ಕೊಂಡು ಹೋಗಾಕ ಅಂಜ್ಯಾಳ.”

“ನನಗ್ಯಾಕ ಹೇಳವಲ್ಲಳು?”

“ಸವತಿನ್ನ ಕಳಸಾಕ ಬೇಡಿಕೊಂಡಿ ಅಂದಿದ್ರಂತಲ್ಲ. ಅವತ್ತಿನಿಂದ ಆಕಿ ಗಾಡಿ ಹೆಸರು ತಗೊಂಡಾಳೇನು ನೆನಸ್ರಿ.”

ಅವನು ನೆನೆಸಿಕೊಂಡ. ತಗೊಂಡಿರಲಿಲ್ಲ. ದಿನಾ ಕಸ ಗುಡಿಸುವಾಗ ಗಾಡಿಯ ಸುತ್ತ ಮೆಲ್ಲಗೆ ಪೊರಕೆ ಆಡಿಸಿ ಸುಮ್ಮನೆ ಹೋಗುತ್ತಿದ್ದಳು. ಸವತಿ ಎಂಬ ಚೇಷ್ಟೆಯ ಮಾತೂ ಆ ಮನೆಯಲ್ಲಿ ನಿಂತುಹೋಗಿ ಎಷ್ಟೋ ಕಾಲವಾಗಿತ್ತು. ಅದು ಈಗ ಅವನ ಗಮನಕ್ಕೆ ಬಂತು. ಅವನಿಗೆ ತನ್ನ ಮೇಲೇ ಹೇಸಿಕೆಯಾಯಿತು.

ಮರುದಿನ ಅವನು ಗಾರ್ಡಿನ ಡಬ್ಬಿಯ ತಳವನ್ನೂ ಉಳಿದ ತೇಗದ ಸೀಳುಗಳನ್ನೂ ಗಂಟಿನ ದಾರವನ್ನೂ ಅವಳ ಮಂಚದ ಪಕ್ಕಕ್ಕೆ ತಂದ. ಅವಳು ಕಣ್ಣು ಬಿಟ್ಟು ನೋಡಿದಳು.

“ಮದೀನಾ, ಇದನ್ನಿಷ್ಟು ಹಿಡಿ. ನನಗ ಒಂದೇ ಕೈ ಅದ.”

ಅವಳು ದಿಂಬಿಗೆ ಒರಗಿ ಕೂತಳು. ಬಾತ ಬೆರಳುಗಳಿಂದ ಬಿದಿರ ಕಡ್ಡಿ ಹಿಡಿದಳು, ಅವನು ಎಡಗೈಯಿಂದ ಅಂಟು ಹಚ್ಚಿದ. ಮೊದಲಿನ ಕೆಲವು ದಿನ ಬರೀ ಹಾಳಾಯಿತು. ಅವಳ ಹಿಡಿತ ತಪ್ಪುತ್ತಿತ್ತು, ಅವನ ಚೂರಿ ಜಾರುತ್ತಿತ್ತು. ಸಿಟ್ಟು ಮಾಡಿಕೊಂಡು ಬೈದ, ಬೈದದ್ದಕ್ಕೆ ಅವಳು ನಕ್ಕಳು. ಎಷ್ಟೋ ಕಾಲದ ಮೇಲೆ ನಕ್ಕದ್ದು. ಆಮೇಲೆ ಎರಡು ಮುದಿ ದೇಹಗಳ ಮೂರು ಕೈಗಳು ಹೇಗೋ ಒಂದಕ್ಕೊಂದು ಹೊಂದಿಕೊಂಡವು.

ಅವಳು ಏಳೂ ಡಬ್ಬಿಗಳನ್ನು ತರಿಸಿ, ಒಂದೊಂದನ್ನೇ ತೊಡೆಯ ಮೇಲೆ ಇಟ್ಟುಕೊಂಡು ನೋಡಿದಳು. ಇಷ್ಟು ವರ್ಷ ಒಮ್ಮೆಯೂ ನೋಡಿರಲಿಲ್ಲ. ಕಿಟಕಿಯ ಶಟರ್ ಎತ್ತಿದಳು, ಬಿಟ್ಟಳು. ಟಪ್ ಎಂದು ಬಿತ್ತು.

“ಇದು ನನ್ನ ಬೆರಳಿನ ಮ್ಯಾಲ ಬಿದ್ದದ್ದಲ್ಲೇನ್ರಿ?”

ಮದುವೆಯಾದ ಹೊಸತರಲ್ಲಿ ಇಬ್ಬರೂ ಗುಲ್ಬರ್ಗಾದ ದರ್ಗಾಕ್ಕೆ ಹೋಗಿದ್ದರು. ಸುರಪುರಕ್ಕೆ ರೈಲೇ ಇಲ್ಲ; ಅವಳು ರೈಲು ಹತ್ತಿದ್ದು ಅದೇ ಮೊದಲು. ಕಿಟಕಿಯಲ್ಲಿ ಕೈ ಇಟ್ಟು ಹೊಲ ನೋಡುತ್ತಿದ್ದಾಗ ಶಟರ್ ಬಿದ್ದು ಉಗುರು ಕಪ್ಪಾಗಿತ್ತು. ಹೊಸ ಗಂಡನ ಮುಂದೆ ಅಳುವುದು ಹೇಗೆಂದು ವಾಡಿ ಬರುವ ತನಕ ತುಟಿ ಕಚ್ಚಿಕೊಂಡು ಕೂತಿದ್ದಳು.

“ಅಂಥದ್ದೇ,” ಎಂದ ಮಕ್ತುಮಸಾಬ. “ಆ ಗಾಡಿನೇ ಇದು.”

“ಮೊದಲೇ ಹೇಳಬಾರದೇನ್ರಿ? ಸವತಿ ಅಂತ ತಿಳಕೊಂಡು ಕುಂತೆ ನಾನು.” ಕೊನೆಯ ಡಬ್ಬಿಯ ಕಡೆ ಬಾಗಿ ಕೇಳಿದಳು: “ಈ ಗಾರ್ಡಿನ ಡಬ್ಬ್ಯಾಗ ಇದೇನಿದು ಸಣ್ಣ ಗೂಡು?”

“ನಾಯಿ ಪೆಟ್ಟಿಗಿ. ಸಾಹೇಬರ ನಾಯಿ ಇದರಾಗ ಹೋಗ್ತಿದ್ವು.”

“ನಾಯಿಗೂ ಜಾಗ ಮಾಡೀರಿ. ಭಾಳ ಛಲೋ.”

ಡಬ್ಬಿ ಅವಳ ಉಸಿರಿನ ಜೊತೆ ಸ್ಪರ್ಧೆಗೆ ಬಿದ್ದಂತೆ ಮೇಲೆದ್ದಿತು. ಅದು ಮುಗಿಯದಿದ್ದರೆ ಅವಳು ಅಂಜಿಕೊಂಡೇ ಸಾಯುತ್ತಾಳೆ. ಮುಗಿದರೆ ಅವನ ಬದುಕಿನ ಒಂದೇ ಕೆಲಸ ನೀರುಪಾಲಾಗುತ್ತದೆ. ಇಬ್ಬರಿಗೂ ಇದು ಗೊತ್ತಿತ್ತು. ಒಂದು ಬದಿ ಒಂಚೂರು ವಾರೆಯಾಗಿತ್ತು, ಈ ಸಲ ಅವನು ಒಲೆಗೆ ಹಾಕಲಿಲ್ಲ. ಹಾಕಿದರೆ ಮತ್ತೆ ಮಾಡಲು ತೇಗವೂ ಇರಲಿಲ್ಲ, ದಿನಗಳೂ ಇರಲಿಲ್ಲ.

ಉಳಿದದ್ದು ದೀಪ. ಹಳೆಯ ಸಿಗ್ನಲ್ ಗಾಜಿನ ಚೂರೊಂದನ್ನು ಅವನು ಜತನ ಮಾಡಿಟ್ಟಿದ್ದ, ಆದರೆ ಒಂದು ಕೈಯಿಂದ ಅದನ್ನು ಉಜ್ಜಿ ದುಂಡಗೆ ಮಾಡಲು ಆಗಲಿಲ್ಲ. ಅವಳು ನೋಡಿದಳು. ನಿಕಾಹದ ದಿನ ಕೊರಳಿಗೆ ಬಿದ್ದ ಕರಿಮಣಿ ಸರವನ್ನು ತಡವಿದಳು. ಅದರ ನಡುವೆ ಕೆಂಪು ಗಾಜಿನ ಒಂದೇ ಒಂದು ಮಣಿ ಇತ್ತು, ಜೋಳದ ಕಾಳಿಗಿಂತ ಸಣ್ಣದು.

“ಇದು ಆಗ್ತದೇನು ನೋಡ್ರಿ.”

“ಅದು ಬ್ಯಾಡ ಮದೀನಾ.”

“ಕೊಳ್ಳ ಬಾತು ಸರ ಬಿಗಿಯಾಕತ್ತದ. ಹೆಂಗೂ ಬಿಚ್ಚೂದೇ. ತಗೋರಿ.”

ಮಣಿ ಅಳತೆಗೆ ಹೇಳಿ ಮಾಡಿಸಿದ ಹಾಗೆ ಕೂತಿತು. ಕಿಟಕಿಯ ಬೆಳಕು ಬಿದ್ದು ಒಳಗಿನಿಂದ ಉರಿದಂತೆ ಕಂಡಿತು. ಮದೀನಾಬೀ ಮಗುವಿನ ಹಾಗೆ ಖುಷಿಯಾದಳು.

“ಈಗ ಕೂಗ್ರಿ. ಗಾಡಿ ಪೂರಾ ಅನ್ರಿ.”

“ನಿಂತ ಗಾಡಿಗೆ ಅನ್ನಂಗಿಲ್ಲ. ಹೋಗೋ ಗಾಡಿಗೆ ಅನ್ನೂದು.”

“ಹಂಗಾದ್ರ ಹೊಳ್ಯಾಗ ಹೋಗುವಾಗ ದೀಪ ನೋಡಿ ಅನ್ರಿ. ನನಗ ಬಂದು ಹೇಳ್ರಿ. ಸುಮ್ಮ ಹೇಳಬ್ಯಾಡ್ರಿ, ನೋಡಿ ಹೇಳ್ರಿ.”

“ನಾ ಯಾವತ್ತರೆ ನೋಡದ ಹೇಳೀನೇನು?” ಎಂದ.

ಮೊಹರಮ್ಮಿನ ಹತ್ತನೆಯ ದಿನ ಬಂತು. ಭೀಮೆಗೆ ಹೊಸ ಕೆಂಪು ನೀರು ಬಂದಿತ್ತು. ಹಲಗೆ ಬಾರಿಸುವವರು ಮುಂದೆ, ಪೀರ ಹೊತ್ತ ಮಹಾದೇವಪ್ಪ ಅವರ ಹಿಂದೆ, ಅವನ ಹಿಂದೆ ಓಣಿಯ ತಾಬೂತು. ಗಾಡಿಯನ್ನು ಉದ್ದನೆಯ ಹಲಗೆಯ ಮೇಲೆ ಇಟ್ಟು ಇಬ್ಬರು ಹೊತ್ತಿದ್ದರು, ಪಕ್ಕದಲ್ಲಿ ಕೋಲೂರಿಕೊಂಡು ಮಕ್ತುಮಸಾಬ. ದಾರಿಯುದ್ದಕ್ಕೂ ಜನ ಬಗ್ಗಿ ಬಗ್ಗಿ ನೋಡಿದರು. “ಎಂಜಿನ್ ಎಲ್ಲದ?” ಎಂದು ಯಾರೋ ಕೇಳಿದರು. ಇಷ್ಟಾದರೂ ಜನಕ್ಕೆ ಎಂಜಿನ್ನಿನದೇ ಚಿಂತೆ.

ತಾಬೂತು ನೀರಿಗೆ ಹೋಯಿತು. ಅವನು ಮೊಣಕಾಲ ತನಕ ನೀರಿಗಿಳಿದು, ಡಬ್ಬಿ ಡಬ್ಬಿಗೆ ಕೊಂಡಿ ಹಾಕಿದ. ಅದು ಅವನು ಮೊದಲಿನಿಂದ ಮಾಡಿದ ಕೆಲಸವೇ. ಕೊನೆಗೆ ಗಾರ್ಡಿನ ಡಬ್ಬಿ. ಕೊಂಡಿ ಸಿಕ್ಕಿಸಿ ಕೈ ತೆಗೆಯಬೇಕು, ಆಗ ಮಣಿಯ ಮೇಲೆ ಅವನ ಕಣ್ಣು ಬಿತ್ತು.

ಇನ್ನು ಕೆಲವೇ ದಿನ. ಆಮೇಲೆ ಅವಳ ಸೀರೆಗಳನ್ನು ಯಾರಿಗೋ ಕೊಡುತ್ತಾರೆ. ಬಳೆ ಮಗಳಿಗೆ ಹೋಗುತ್ತವೆ, ಹೋಗಬೇಕಾದ್ದೇ. ಮಂಚ ಎತ್ತಿ ನಿಲ್ಲಿಸುತ್ತಾರೆ. ಅವನಿಗೇನು ಉಳಿಯುತ್ತದೆ? ಗಾಡಿಯೂ ಇಲ್ಲ, ಅವಳೂ ಇಲ್ಲ. ಇದೊಂದು ಮಣಿ, ಅವಳ ಕೊರಳಿನಲ್ಲಿ ಇಷ್ಟು ಕಾಲ ಬೆಚ್ಚಗೆ ಇದ್ದದ್ದು. ಇದೊಂದು ಇರಲಿ ಎಂದು ಜೀವ ಬೇಡಿತು. ನೀರು ತಾಗಿ ಹುಣಸೆ ಬೀಜದ ಅಂಟು ಮೆತ್ತಗಾಗಿತ್ತು. ಹೆಬ್ಬೆರಳಿನ ಉಗುರು ಆಡಿಸಿದ ಅಷ್ಟೇ, ಮಣಿ ತಾನೇ ಬಂದಂತೆ ಕೈಗೆ ಬಂತು. ಅಂಗೈ ಮುಚ್ಚಿ ಗಾಡಿಯನ್ನು ದಬ್ಬಿದ.

ಯಾರೂ ಅಂದುಕೊಂಡಿರಲಿಲ್ಲ, ಗಾಡಿ ತೇಲಿತು. ತೇಗದ ಡಬ್ಬಿಗಳು ತವರದ ಗಾಲಿಗಳ ಭಾರಕ್ಕೆ ನೆಟ್ಟಗೆ ನಿಂತು, ಒಂದರ ಹಿಂದೆ ಒಂದು ಸೆಳವು ಹಿಡಿದು ಹೊರಟವು. ಎಂಜಿನ್ ಇಲ್ಲದ ಗಾಡಿ ಕಡೆಗೂ ನಡೆಯಿತು. ದಂಡೆಯ ಜನ ಹೋ ಎಂದರು. ಮುಂದಿನ ಡಬ್ಬಿ ನೀರು ಕುಡಿದು ಮುಳುಗಿತು, ಅದರ ಹಿಂದಿನದು, ಅದರ ಹಿಂದಿನದು. ಕೊನೆಯ ಡಬ್ಬಿಯ ಬೆನ್ನು ಮಾತ್ರ ಸ್ವಲ್ಪ ಹೊತ್ತು ಕಂಡಿತು. ಬೋಳು ಬೆನ್ನು.

“ಕೂಗಲೇ ಸಾಬ!” ಎಂದು ಮಹಾದೇವಪ್ಪ ದಂಡೆಯಿಂದ ಒದರಿದ. “ಗಾಡಿ ಪೂರಾ ಅನ್ನು!”

ಮಕ್ತುಮಸಾಬ ಬಾಯಿ ತೆರೆದ. ದನಿ ಬರಲಿಲ್ಲ. ಪಾಪ, ದುಃಖಕ್ಕೆ ಮಾತು ಹೊರಡುತ್ತಿಲ್ಲ ಎಂದು ಜನ ತಿಳಿದರು. ಇಬ್ಬರು ಬಂದು ತೋಳು ಹಿಡಿದು ದಂಡೆಗೆ ಕರೆತಂದರು.

ಮನೆಗೆ ಬಂದಾಗ ಮದೀನಾಬೀ ಬಾಗಿಲ ಕಡೆಗೇ ಮುಖ ಮಾಡಿ ಮಲಗಿದ್ದಳು. ಉಮೆಸಲ್ಮಾ ಅವಳ ಕಾಲು ಒತ್ತುತ್ತ ಕೂತಿದ್ದಳು.

“ಹೋತೇನ್ರಿ?”

“ಹೋತು. ತೇಲಿಕೋಂತ ಹೋತು.”

“ದೀಪ ಇತ್ತೇನು?”

ನಿಜ ಹೇಳಿದರೆ ಏನಾಗುತ್ತದೆ ಎಂದು ಅವನು ಅವಳ ಮುಖ ನೋಡಿ ತಿಳಿದುಕೊಂಡ. ಹೊಳೆಗೆ ತಿರುಗಿ ಓಡಿದರೂ ಗಾಡಿ ಸಿಗುವುದಿಲ್ಲ. ಕೊಟ್ಟದ್ದು ಮುಕ್ಕಾಗಿಯೇ ಹೋಗಿತ್ತು.

“ಇತ್ತು,” ಎಂದ.

“ನೀವೇ ನೋಡಿದ್ರ್ಯಾ?”

“ನಾನೇ ನೋಡೀನಿ. ಗಾಡಿ ಪೂರಾ.”

ಅವಳು ದೊಡ್ಡದಾಗಿ ಉಸಿರು ಬಿಟ್ಟಳು. “ನೀವು ಅಂದ್ರ ಆತು ಬಿಡ್ರಿ,” ಎಂದು ಕಣ್ಣು ಮುಚ್ಚಿದಳು. ಹಲವು ತಿಂಗಳ ಮೇಲೆ ಅವತ್ತು ಅವಳಿಗೆ ಗಾಢ ನಿದ್ದೆ ಬಂತು. ಅದೇ ವಾರ, ಒಂದು ಮುಂಜಾನೆ ತೀರಿಕೊಂಡಳು. ಮುಖದಲ್ಲಿ ಅಂಜಿಕೆ ಇರಲಿಲ್ಲ ಎಂದು ಮೈ ತೊಳೆಸಿದ ಹೆಂಗಸರು ಹೇಳಿದರು.

ನಲವತ್ತನೆಯ ದಿನದ ಚಾಲೀಸ್ವಾದ ಊಟ ಮುಗಿದ ಮೇಲೆ ಮಹಾದೇವಪ್ಪ ಗೆಳೆಯನ ಪಕ್ಕ ಕೂತ. ಸಮಾಧಾನ ಹೇಳುವುದು ಅವನಿಗೆ ಬಾರದ ವಿದ್ಯೆ, ಆದರೂ ಹೇಳಿದ. “ಮನಸಿಗೆ ಹಚ್ಕೋಬ್ಯಾಡೋ ಸಾಬ. ನೀ ಬಾಲದ ದೀಪ ಸೈತ ಕೊಟ್ಟಿ. ಆಕಿಗೆ ಲೈನ್ ಕ್ಲಿಯರ್ ಸಿಕ್ತು. ಆಕಿ ಹಾದಿಗೆ ಇನ್ನೇನೂ ಅಡ್ಡಿಲ್ಲ.”

ಮಕ್ತುಮಸಾಬ ತಲೆಯಾಡಿಸಿದ. ಅಂಗಿಯ ಕಿಸೆಯಲ್ಲಿ ಮಣಿ ಇತ್ತು. ಹರಕೆಯನ್ನು ನಂಬದ ಮನುಷ್ಯ ಅವನು. ಸತ್ತವರು ಸತ್ತಂತೆ, ಮಣ್ಣು ಮಣ್ಣಿಗೆ ಎನ್ನುವವನು. ಆದರೆ ರೈಲ್ವೆಯ ಕಾನೂನನ್ನು ನಂಬದಿರಲು ಅವನಿಂದ ಆಗುವುದಿಲ್ಲ. ದೀಪ ಕಾಣದೆ ಪೂರಾ ಎಂದರೆ ಏನಾಗುತ್ತದೆ ಎಂಬುದು ಅವನಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತು.

ಈಗ ಅವನು ಸಂಜೆ ಸ್ಟೇಷನ್ನಿಗೆ ಹೋಗಿ, ಪ್ಲಾಟ್‌ಫಾರ್ಮಿನ ತುದಿಯ ಬೆಂಚಿನಲ್ಲಿ ಕೂಡುತ್ತಾನೆ. ಗಾಡಿಗಳ ಬಾಲದಲ್ಲಿ ಈಗ ಮಿಣಿಮಿಣಿ ಎನ್ನುವ ವಿದ್ಯುತ್ ದೀಪಗಳು. ಅವನ್ನು ಅವನು ನೋಡುವುದಿಲ್ಲ. ಒಮ್ಮೊಮ್ಮೆ ಹಾದಿ ಸಿಗದೆ ಯಾವುದೋ ಗಾಡಿ ಊರ ಹೊರಗಿನ ಸಿಗ್ನಲ್ಲಿನಲ್ಲಿ ನಿಂತು, ಒಳಗೆ ಬಿಡಿ ಎಂದು ಕೂಗುತ್ತಲೇ ಇರುತ್ತದೆ. ಕಾಯುವ ಜನ ಗಡಿಯಾರ ನೋಡಿ ಬೈದುಕೊಳ್ಳುತ್ತಾರೆ. ಮಕ್ತುಮಸಾಬ ಕೋಲು ಊರಿ ಎದ್ದು ನಿಲ್ಲುತ್ತಾನೆ, ಕೋಲನ್ನು ಬೆಂಚಿಗೆ ಒರಗಿಸಿ ಎಡಗೈಯನ್ನು ಕಿಸೆಗೆ ಹಾಕುತ್ತಾನೆ. ಗಾಡಿ ಒಳಗೆ ಬರುವ ತನಕ ಅವನು ಕೂಡುವುದಿಲ್ಲ.